ಯಕೃತ್ತಿನ ಕ್ಯಾನ್ಸರ್: ಶಸ್ತ್ರಚಿಕಿತ್ಸೆಯೂ ಔಷಧಿಯೂ ಕೂಡಿ ಕೆಲಸ ಮಾಡುವ ಬಗೆ



ಜಮಾ-ಖರ್ಚಿನ ಪಟ್ಟಿಯ ಮತ್ತು ವಿದ್ಯಾರ್ಥಿವೇತನದ ಪ್ರಕಟಣೆಯ ನಡುವೆ ಒಂದು ತಿಳಿವಳಿಕೆಯ ಲೇಖನ ಕೊಡುವುದು ನಮ್ಮ ವಾರ್ಷಿಕ ವರದಿಯ ರೂಢಿ. ಈ ಸಲ ಯಕೃತ್ತಿನ ಕ್ಯಾನ್ಸರ್, ಅಂದರೆ ಲಿವರ್ ಕ್ಯಾನ್ಸರ್ ಕುರಿತು ಬರೆಯುತ್ತಿದ್ದೇವೆ. ಓದನ್ನು ಅರ್ಧಕ್ಕೆ ಬಿಟ್ಟ ಮಕ್ಕಳ ಮನೆಯಲ್ಲಿ ವಿಚಾರಿಸಿದರೆ ಬಡತನದ ಹಿಂದೆ ಬಹಳ ಸಲ ಒಂದು ದೊಡ್ಡ ಬೇನೆ ಇರುತ್ತದೆ. ದುಡಿಯುವವರು ಹಾಸಿಗೆ ಹಿಡಿಯುತ್ತಾರೆ, ಇದ್ದ ಎರಡೆಕರೆ ಹೊಲ ಒತ್ತೆ ಬೀಳುತ್ತದೆ, ಪಿಯುಸಿ ಓದುತ್ತಿದ್ದ ಹುಡುಗ ಗ್ಯಾರೇಜಿಗೆ ಹೋಗುತ್ತಾನೆ, ಹುಡುಗಿಯ ಕಾಲೇಜು ನಿಲ್ಲುತ್ತದೆ. ಯಾವ ಚಿಕಿತ್ಸೆ ಯಾವಾಗ ಉಪಯೋಗಕ್ಕೆ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬುದು ಮನೆಯವರಿಗೆ ಮೊದಲೇ ತಿಳಿದಿದ್ದರೆ ಜೀವವೂ ಉಳಿದೀತು, ಹೊಲವೂ ಉಳಿದೀತು.

ಇನ್ನೊಂದು ಕಾರಣವೂ ಇದೆ. ಲಿವರ್ ರೋಗವೆಂದರೆ ಕುಡುಕರ ರೋಗ ಎಂಬ ನಂಬಿಕೆ ನಮ್ಮ ಸಮಾಜದಲ್ಲಿ ಗಟ್ಟಿಯಾಗಿದೆ. ನಾವು ಮದ್ಯ ಮುಟ್ಟುವವರಲ್ಲ, ನಮಗೇಕೆ ಬಂದೀತು ಎಂದು ಪರೀಕ್ಷೆಯನ್ನು ಮುಂದೂಡುತ್ತಾರೆ. ರೋಗ ಬಂದ ಮೇಲೆ, ಜನ ಏನೆಂದುಕೊಂಡಾರೋ ಎಂದು ಮುಚ್ಚಿಡುತ್ತಾರೆ. ಎರಡರಿಂದಲೂ ಹಾನಿಯೇ.

ಕುಡಿಯದವರಿಗೆ ಏಕೆ ಬರುತ್ತದೆ

ಮದ್ಯ ಒಂದು ಕಾರಣ ನಿಜ, ಆದರೆ ಒಂದೇ ಕಾರಣವಲ್ಲ. ಜಗತ್ತಿನಲ್ಲಿ ಈ ಕ್ಯಾನ್ಸರಿನ ದೊಡ್ಡ ಕಾರಣ ಹೆಪಟೈಟಿಸ್ ಬಿ ಎಂಬ ವೈರಸ್. ಅದರ ನಂತರ ಹೆಪಟೈಟಿಸ್ ಸಿ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಅಂದಾಜಿನಂತೆ ಭಾರತದಲ್ಲಿ ಸುಮಾರು 2.98 ಕೋಟಿ ಜನರಲ್ಲಿ ಬಿ ವೈರಸ್ಸೂ ಸುಮಾರು 55 ಲಕ್ಷ ಜನರಲ್ಲಿ ಸಿ ವೈರಸ್ಸೂ ಇದೆ. ಅವರಲ್ಲಿ ಬಹಳಷ್ಟು ಮಂದಿಗೆ ತಮ್ಮ ಮೈಯಲ್ಲಿ ಅದಿದೆ ಎಂಬುದೇ ಗೊತ್ತಿಲ್ಲ. ಹತ್ತು, ಇಪ್ಪತ್ತು, ಮೂವತ್ತು ವರ್ಷ ಅದು ಸದ್ದಿಲ್ಲದೆ ಲಿವರನ್ನು ಕೆಡಿಸುತ್ತ ಹೋಗುತ್ತದೆ. ಮೆತ್ತಗಿದ್ದ ಅಂಗ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಇದಕ್ಕೆ ಸಿರೋಸಿಸ್ ಎನ್ನುತ್ತಾರೆ. ಅಂಥ ಲಿವರಿನಲ್ಲೇ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುತ್ತದೆ.

ಈ ವೈರಸ್ಸುಗಳು ರಕ್ತದಿಂದ ಹರಡುತ್ತವೆ. ಬಿ ವೈರಸ್ ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೂ ಗಂಡ ಹೆಂಡತಿಯ ನಡುವೆಯೂ ಬರುತ್ತದೆ. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ, ಒಂದೇ ಬ್ಲೇಡಿನಿಂದ ಹಲವರ ಕ್ಷೌರ ಮಾಡಿದರೆ, ಕಿವಿ ಮೂಗು ಚುಚ್ಚುವ ಸೂಜಿಯನ್ನು ಕುದಿಸದೆ ಬಳಸಿದರೆ ಬರುತ್ತದೆ. ಸುನ್ನತಿಯ ವಿಷಯದಲ್ಲಿಯೂ ಇದೇ ಮಾತು. ಒಂದೇ ದಿನ ಹಲವು ಮಕ್ಕಳಿಗೆ ಮಾಡಿಸುವಲ್ಲಿ ಪ್ರತಿ ಮಗುವಿಗೂ ಹೊಸ ಬ್ಲೇಡು, ಬೇರೆ ಸಲಕರಣೆ ಇರಲೇಬೇಕು. ವೈದ್ಯರ ಕೈಯಲ್ಲಿ ಮಾಡಿಸುವುದು ಇನ್ನೂ ಒಳ್ಳೆಯದು. ಹಜ್ ಮತ್ತು ಉಮ್ರಾಗೆ ಹೋಗುವವರು ತಲೆ ಬೋಳಿಸುವಾಗ ತಮ್ಮ ಕಣ್ಣೆದುರಿಗೇ ಹೊಸ ಬ್ಲೇಡು ಹಾಕಿಸಬೇಕು. ಒಟ್ಟಿಗೆ ಊಟ ಮಾಡುವುದರಿಂದ, ಸಲಾಮಿಗೆ ಕೈ ಕೊಡುವುದರಿಂದ, ಅಪ್ಪಿಕೊಳ್ಳುವುದರಿಂದ ಇದು ಬರುವುದಿಲ್ಲ. ಆದ್ದರಿಂದ ರೋಗಿಯನ್ನು ದೂರ ಇಡುವ ಅವಶ್ಯಕತೆಯೇ ಇಲ್ಲ.

ಮೂರನೆಯ ಕಾರಣ ಈಚೆಗೆ ಹೆಚ್ಚುತ್ತಿರುವ ಸಕ್ಕರೆ ರೋಗ, ಬೊಜ್ಜು ಮತ್ತು ಲಿವರಿನಲ್ಲಿ ಕೊಬ್ಬು ತುಂಬುವ ಫ್ಯಾಟಿ ಲಿವರ್. ನಾಲ್ಕನೆಯದು ನಮ್ಮ ರೈತರಿಗೆ ಸಂಬಂಧಪಟ್ಟದ್ದು. ಶೇಂಗಾ, ಗೋವಿನಜೋಳ, ಒಣಮೆಣಸಿನಕಾಯಿ ಹಸಿಯಾಗಿದ್ದಾಗಲೇ ಚೀಲ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಅಂಥ ಕೆಲವು ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅಡುಗೆಯ ಬೆಂಕಿಗೆ ಅದು ಪೂರ್ತಿ ನಾಶವಾಗುವುದಿಲ್ಲ. ಬಿ ವೈರಸ್ ಇದ್ದವರಿಗೆ ಈ ವಿಷವೂ ಸೇರಿದರೆ ಅಪಾಯ ಹಲವು ಪಟ್ಟು ಏರುತ್ತದೆ. ಚೆನ್ನಾಗಿ ಒಣಗಿಸಿ ಇಡುವುದು, ಬೂಷ್ಟು ಬಂದ ಕಾಳನ್ನು ಆರಿಸಿ ಎಸೆಯುವುದು ಇದಕ್ಕೆ ಮದ್ದು. ಒಳ್ಳೆಯದನ್ನು ಮಾರಿ, ಕೆಟ್ಟದ್ದನ್ನು ಮನೆಗೆ ಇಟ್ಟುಕೊಳ್ಳುವ ರೂಢಿಯನ್ನು ಬಿಡಬೇಕು.

ಲಿವರಿನ ಎರಡು ಕಾಲುವೆಗಳು

ಚಿಕಿತ್ಸೆ ಅರ್ಥವಾಗಬೇಕಾದರೆ ಲಿವರಿಗೆ ರಕ್ತ ಹೇಗೆ ಬರುತ್ತದೆ ಎಂಬುದು ತಿಳಿಯಬೇಕು. ನವಲಗುಂದದ ಕಡೆಯ ರೈತರಿಗೆ ಮಲಪ್ರಭಾ ಕಾಲುವೆಯ ಉದಾಹರಣೆಯಿಂದ ಹೇಳಬಹುದು. ಒಂದು ಹೊಲಕ್ಕೆ ಎರಡು ಕಡೆಯಿಂದ ನೀರು ಬರುತ್ತದೆ ಎಂದುಕೊಳ್ಳಿ. ದೊಡ್ಡದು ಕರುಳಿನಿಂದ ಬರುವ ಪೋರ್ಟಲ್ ರಕ್ತನಾಳ. ಲಿವರಿನ ರಕ್ತದಲ್ಲಿ ಮುಕ್ಕಾಲು ಪಾಲು ಇದರಿಂದಲೇ ಬರುತ್ತದೆ. ಸಣ್ಣದು ಹೃದಯದ ಕಡೆಯಿಂದ ಬರುವ ಅಪಧಮನಿ. ಉಳಿದ ಕಾಲುಪಾಲು ಇದರದು. ಒಳ್ಳೆಯ ಪೈರು ಹೆಚ್ಚಾಗಿ ದೊಡ್ಡ ಕಾಲುವೆಯ ನೀರು ಕುಡಿಯುತ್ತದೆ. ಆದರೆ ಕ್ಯಾನ್ಸರ್ ಎಂಬ ಕಸ ಬಹುತೇಕ ಸಣ್ಣ ಕಾಲುವೆಯ ನೀರನ್ನೇ ಕುಡಿದು ಬೆಳೆಯುತ್ತದೆ.

ಈ ಒಂದು ವ್ಯತ್ಯಾಸದ ಮೇಲೆ ಎರಡು ಕೆಲಸ ನಿಂತಿವೆ. ಮೊದಲನೆಯದು ರೋಗ ಗುರುತಿಸುವುದು. ಔಷಧಿ ಚುಚ್ಚಿ ಮೂರು ಹಂತದಲ್ಲಿ ಸಿಟಿ ಅಥವಾ ಎಂಆರ್‌ಐ ತೆಗೆದಾಗ ಗಡ್ಡೆ ಮೊದಲ ಹಂತದಲ್ಲಿ ಹೊಳೆದು, ಆಮೇಲೆ ಮಂಕಾಗುತ್ತದೆ. ಸಿರೋಸಿಸ್ ಇರುವವರಲ್ಲಿ ಈ ಗುರುತು ಸ್ಪಷ್ಟವಾಗಿದ್ದರೆ ಬಹಳ ಸಲ ಬಯಾಪ್ಸಿಯ ಅಗತ್ಯವೂ ಬೀಳುವುದಿಲ್ಲ. ಎರಡನೆಯದು ಚಿಕಿತ್ಸೆ. ಸಣ್ಣ ಕಾಲುವೆಗೆ ಮಾತ್ರ ಔಷಧಿ ಬಿಟ್ಟು ಅದರ ಬಾಯಿ ಮುಚ್ಚಿದರೆ ಕಸ ಒಣಗುತ್ತದೆ, ಪೈರು ಉಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಲಿವರಿನಲ್ಲಿ ಕಂಡ ಗಡ್ಡೆಯೆಲ್ಲ ಕ್ಯಾನ್ಸರ್ ಅಲ್ಲ. ಕೀವಿನ ಬಾವು, ನೀರಿನ ಗುಳ್ಳೆ, ರಕ್ತನಾಳದ ನಿರಪಾಯ ಗಂಟು ಕೂಡ ಇರಬಹುದು. ಹಾಗೆಯೇ ದೊಡ್ಡ ಕರುಳಿನ ಕ್ಯಾನ್ಸರ್ ಹರಡಿ ಲಿವರಿಗೆ ಬಂದಿದ್ದರೆ ಅದು ಬೇರೆ ರೋಗ, ಅದರ ಚಿಕಿತ್ಸೆಯೂ ಬೇರೆ. ಅಲ್ಲಿ ಸಲೈನಿನಲ್ಲಿ ಕೊಡುವ ಸಾಮಾನ್ಯ ಕಿಮೊಥೆರಪಿಯಿಂದ ಗಡ್ಡೆ ಕುಗ್ಗಿಸಿ, ಆಮೇಲೆ ಕೊಯ್ದು ತೆಗೆಯುವ ಪದ್ಧತಿ ಚೆನ್ನಾಗಿ ನೆಲೆಯೂರಿದೆ. ನಾವು ಇಲ್ಲಿ ಬರೆಯುತ್ತಿರುವುದು ಲಿವರಿನಲ್ಲೇ ಹುಟ್ಟಿದ ಕ್ಯಾನ್ಸರ್ ಬಗ್ಗೆ. ಅದು ಸಾಮಾನ್ಯ ಕಿಮೊಥೆರಪಿಗೆ ಅಷ್ಟಾಗಿ ಬಗ್ಗುವುದಿಲ್ಲ. ಪಕ್ಕದ ಊರಿನ ಒಬ್ಬರಿಗೆ ಒಂದು ಔಷಧಿಯಿಂದ ಗುಣವಾಯಿತೆಂದು ನಮ್ಮ ರೋಗಿಗೂ ಅದನ್ನೇ ಕೇಳುವುದು ಸರಿಯಲ್ಲ.

ಶಸ್ತ್ರಚಿಕಿತ್ಸೆ: ಎಷ್ಟು ತೆಗೆಯಬಹುದು, ಎಷ್ಟು ಉಳಿಯಬೇಕು

ಕೊಯ್ದು ತೆಗೆದರೂ ಮತ್ತೆ ಬೆಳೆಯುವ ಅಂಗವೆಂದರೆ ಲಿವರ್. ಅಲ್ಲಾಹನು ಅದಕ್ಕೆ ಕೊಟ್ಟ ಗುಣವಿದು. ಆರೋಗ್ಯವಂತರಲ್ಲಿ ಕಾಲುಭಾಗದಷ್ಟು ಉಳಿಸಿದರೂ ಕೆಲವು ವಾರ, ತಿಂಗಳುಗಳಲ್ಲಿ ಅದು ಬೆಳೆದು ಕೆಲಸ ನಡೆಸುತ್ತದೆ. ಆದರೆ ಸಿರೋಸಿಸ್ ಆದ ಲಿವರಿಗೆ ಈ ಶಕ್ತಿ ಕಡಿಮೆ. ಅಲ್ಲಿ ನೂರಕ್ಕೆ 40ರಷ್ಟಾದರೂ ಉಳಿಸಬೇಕಾಗುತ್ತದೆ. ಆದ್ದರಿಂದ ಸರ್ಜನ್ ಎರಡು ಲೆಕ್ಕ ಹಾಕುತ್ತಾರೆ: ಗಡ್ಡೆ ಪೂರ್ತಿ ಬರುತ್ತದೆಯೇ, ಉಳಿದ ಲಿವರ್ ಸಾಕಾಗುತ್ತದೆಯೇ. ಒಂದಕ್ಕೆ ಉತ್ತರ ಇಲ್ಲ ಎಂದಾದರೂ ಆಪರೇಷನ್ ಮಾಡುವುದಿಲ್ಲ.

ಲಿವರಿನ ಶಕ್ತಿಯನ್ನು ಅಳೆಯಲು ಚೈಲ್ಡ್-ಪ್ಯೂ ಎಂಬ ಅಂಕಪಟ್ಟಿ ಇದೆ. ಶಾಲೆಯ ಅಂಕಪಟ್ಟಿಯಂತೆ ಇದರಲ್ಲೂ ಐದು ವಿಷಯ: ರಕ್ತದಲ್ಲಿ ಕಾಮಾಲೆಯ ಬಿಲಿರುಬಿನ್, ಅಲ್ಬುಮಿನ್ ಎಂಬ ಪ್ರೋಟೀನು, ರಕ್ತ ಹೆಪ್ಪುಗಟ್ಟುವ ವೇಳೆ, ಹೊಟ್ಟೆಯಲ್ಲಿ ನೀರು, ಮನಸ್ಸಿನ ಎಚ್ಚರ. ಎ ದರ್ಜೆ ಬಂದವರಿಗೆ ದಾರಿಗಳು ಹೆಚ್ಚು, ಬಿ ಬಂದವರಿಗೆ ಕಡಿಮೆ. ಸಿ ಬಂದವರಿಗೆ ಲಿವರ್ ಕಸಿಯೊಂದನ್ನು ಬಿಟ್ಟರೆ ಉಳಿದ ದೊಡ್ಡ ಚಿಕಿತ್ಸೆಗಳಿಂದ ಲಾಭಕ್ಕಿಂತ ಹಾನಿಯೇ ಜಾಸ್ತಿ. ಒಂದೇ ಅಳತೆಯ ಗಡ್ಡೆಯಿದ್ದ ಇಬ್ಬರಲ್ಲಿ ಒಬ್ಬರಿಗೆ ಆಪರೇಷನ್ ಮಾಡಿ ಇನ್ನೊಬ್ಬರಿಗೆ ಬೇಡ ಎನ್ನುವುದಕ್ಕೆ ಕಾರಣ ಬಹಳ ಸಲ ಇದೇ, ದುಡ್ಡಲ್ಲ.

ಲಿವರ್ ಕಸಿಯಲ್ಲಿ ಕ್ಯಾನ್ಸರೂ ಸಿರೋಸಿಸ್ಸೂ ಒಟ್ಟಿಗೆ ಹೋಗುತ್ತವೆ. 1996ರಲ್ಲಿ ಇಟಲಿಯ ಮಿಲಾನ್ ನಗರದ ವೈದ್ಯರು ಒಂದು ಮಿತಿ ಹಾಕಿದರು: ಒಂದೇ ಗಡ್ಡೆ ಇದ್ದರೆ 5 ಸೆಂಟಿಮೀಟರಿನೊಳಗೆ, ಮೂರರವರೆಗೆ ಇದ್ದರೆ ಪ್ರತಿಯೊಂದೂ 3 ಸೆಂಟಿಮೀಟರಿನೊಳಗೆ ಇರಬೇಕು. ಇಂದಿಗೂ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. ಕರ್ನಾಟಕದಲ್ಲಿ ಮೃತರ ಅಂಗದಾನದ ಸರದಿಯನ್ನು ಜೀವಸಾರ್ಥಕತೆ ಎಂಬ ಸರಕಾರಿ ವ್ಯವಸ್ಥೆ ನೋಡಿಕೊಳ್ಳುತ್ತದೆ.

ಗಡ್ಡೆಗೆ ನೇರ ಔಷಧಿ

ಸಣ್ಣ ಕಾಲುವೆಗೆ ಔಷಧಿ ಬಿಡುವ ಚಿಕಿತ್ಸೆಗೆ ಟೇಸ್ ಎಂದು ಹೆಸರು. ಇದನ್ನು ಜಪಾನಿನ ವೈದ್ಯರು 1970ರ ದಶಕದ ಕೊನೆಗೆ ಬಳಕೆಗೆ ತಂದರು. ತೊಡೆಯ ಸಂದಿ ಅಥವಾ ಮಣಿಕಟ್ಟಿನ ರಕ್ತನಾಳದ ಮೂಲಕ ಸಣ್ಣ ನಳಿಕೆಯನ್ನು ಲಿವರಿನವರೆಗೆ ಸಾಗಿಸಿ, ಗಡ್ಡೆಗೆ ಹೋಗುವ ಕವಲಿನಲ್ಲಿ ಡಾಕ್ಸೊರುಬಿಸಿನ್‌ನಂಥ ಕಿಮೊ ಔಷಧಿಯನ್ನು ಗಸಗಸೆ ಎಣ್ಣೆಯಿಂದ ತಯಾರಿಸಿದ ಲಿಪಿಯೊಡಾಲ್ ಜೊತೆ ಬೆರೆಸಿ ಬಿಡುತ್ತಾರೆ. ಆಮೇಲೆ ಸಣ್ಣ ಕಣಗಳಿಂದ ಆ ಕವಲನ್ನು ಮುಚ್ಚುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ, ಸಾಮಾನ್ಯವಾಗಿ ಪೂರ್ತಿ ಅರಿವಳಿಕೆಯೂ ಬೇಡ. ಮುಂದೆ ಕೆಲವು ದಿನ ಜ್ವರ, ಹೊಟ್ಟೆನೋವು, ವಾಕರಿಕೆ ಬರುತ್ತದೆ. ಇದು ನಿರೀಕ್ಷಿತವೇ ಆದರೂ ಜ್ವರ ಇಳಿಯದಿದ್ದರೆ, ಕಣ್ಣು ಹಳದಿಯಾದರೆ ತಡಮಾಡದೆ ದವಾಖಾನೆಗೆ ಹೋಗಬೇಕು.

ಇದರಿಂದ ಲಾಭವಿದೆ ಎಂಬುದು 2002ರಲ್ಲಿ ಎರಡು ಪರೀಕ್ಷೆಗಳಿಂದ ಖಚಿತವಾಯಿತು. ಹಾಂಕಾಂಗಿನ ಪರೀಕ್ಷೆಯಲ್ಲಿ ಎರಡು ವರ್ಷದ ನಂತರ ಬದುಕಿದ್ದವರು ಈ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 31, ಪಡೆಯದವರಲ್ಲಿ 11. ಸ್ಪೇನಿನ ಬಾರ್ಸಿಲೋನಾದ ಪರೀಕ್ಷೆಯಲ್ಲಿ 63 ಮತ್ತು 27. ಎರಡರ ಅಂಕಿಗಳು ಬೇರೆಯಾಗಲು ಕಾರಣ, ಅಲ್ಲಿಯ ರೋಗಿಗಳ ಸ್ಥಿತಿ ಬೇರೆಯಾಗಿತ್ತು. ಲಾಭದ ದಿಕ್ಕು ಮಾತ್ರ ಒಂದೇ.

ಮೈಯೆಲ್ಲ ಸೇರುವ ಗುಳಿಗೆಗಳ ಕಾಲ ಆಮೇಲೆ ಬಂತು. ಸೊರಾಫೆನಿಬ್ ಎಂಬ ಗುಳಿಗೆ ಮುಂದುವರಿದ ರೋಗಿಗಳ ಸರಾಸರಿ ಬದುಕನ್ನು 7.9 ತಿಂಗಳಿನಿಂದ 10.7 ತಿಂಗಳಿಗೆ ಏರಿಸಿತು ಎಂದು 2008ರಲ್ಲಿ ಪ್ರಕಟವಾಯಿತು. 2020ರಲ್ಲಿ ಅಟೆಜೊಲಿಜುಮಾಬ್ ಮತ್ತು ಬೆವಾಸಿಜುಮಾಬ್ ಎಂಬ ಎರಡು ಇಂಜೆಕ್ಷನ್‌ಗಳ ಜೋಡಿ ಸೊರಾಫೆನಿಬ್‌ಗಿಂತ ಮೇಲು ಎಂದು ತೋರಿತು. ಇದು ದೇಹದ ಸ್ವಂತ ರಕ್ಷಣಾಶಕ್ತಿಯನ್ನು ಎಬ್ಬಿಸುವ ಚಿಕಿತ್ಸೆ. ಇದರ ಬೆಲೆ ಬಡವರ ಕೈಗೆ ಎಟುಕುವಂಥದ್ದಲ್ಲ.

ಔಷಧಿಯ ಬೆಲೆಯ ಬಗ್ಗೆ ದಾನಿಗಳು ತಿಳಿದಿರಬೇಕಾದ ಒಂದು ಸಂಗತಿ ಇದೆ. ಸೊರಾಫೆನಿಬ್ ಒಂದು ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಬೀಳುತ್ತಿತ್ತು. 2012ರ ಮಾರ್ಚಿನಲ್ಲಿ ಭಾರತ ಸರಕಾರದ ಪೇಟೆಂಟ್ ನಿಯಂತ್ರಕರು ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಅದನ್ನು ತಯಾರಿಸಲು ಕಡ್ಡಾಯ ಪರವಾನಿಗೆ ಕೊಟ್ಟರು. ಬೆಲೆ ತಿಂಗಳಿಗೆ 8,880 ರೂಪಾಯಿಗೆ ಇಳಿಯಿತು. ನಮ್ಮ ದೇಶದಲ್ಲಿ ಇಂಥ ಪರವಾನಿಗೆ ಕೊಟ್ಟದ್ದು ಅದೇ ಮೊದಲು. ಆದ್ದರಿಂದ ದುಬಾರಿ ಚೀಟಿ ಕೈಗೆ ಬಂದಾಗ, ಇದೇ ಔಷಧಿಯ ಜೆನೆರಿಕ್ ಇದೆಯೇ ಎಂದು ವೈದ್ಯರನ್ನು ಕೇಳಲು ಸಂಕೋಚ ಪಡಬಾರದು.

ಎರಡೂ ಕೂಡಿದಾಗ

ಈಗ ಲೇಖನದ ಮುಖ್ಯ ವಿಷಯ. ಮುಂದುವರಿದ ಕ್ಯಾನ್ಸರ್ ಎಂದರೆ ಮೂರು ಬಗೆ. ಗಡ್ಡೆ ಬಹಳ ದೊಡ್ಡದಾಗಿರಬಹುದು ಅಥವಾ ಹಲವು ಇರಬಹುದು. ಅದು ದೊಡ್ಡ ಕಾಲುವೆಯೊಳಗೆ, ಅಂದರೆ ಪೋರ್ಟಲ್ ರಕ್ತನಾಳದೊಳಗೆ ನುಗ್ಗಿರಬಹುದು. ಇಲ್ಲವೆ ಲಿವರ್ ದಾಟಿ ಪುಪ್ಪುಸ, ಎಲುಬಿಗೆ ಹೋಗಿರಬಹುದು. ಮೂರನೆಯದರಲ್ಲಿ ಕೊಯ್ಯುವುದರಿಂದ ಸಾಮಾನ್ಯವಾಗಿ ಉಪಯೋಗವಿಲ್ಲ. ಮೊದಲೆರಡರಲ್ಲಿ ಕೆಲವರಿಗೆ ಮಾತ್ರ ಶಸ್ತ್ರಚಿಕಿತ್ಸೆಯನ್ನೂ ಔಷಧಿಯನ್ನೂ ಕೂಡಿಸುವ ದಾರಿ ತೆರೆದಿದೆ. ಅದು ಮೂರು ರೀತಿಯಲ್ಲಿ ನಡೆಯುತ್ತದೆ.

ಒಂದು, ಮೊದಲು ಔಷಧಿ, ಆಮೇಲೆ ಆಪರೇಷನ್. ಇಂದು ಕೊಯ್ಯಲಾಗದ ಗಡ್ಡೆಯನ್ನು ಟೇಸ್, ಗುಳಿಗೆ, ಇಂಜೆಕ್ಷನ್‌ಗಳಿಂದ ಕುಗ್ಗಿಸಿ, ಕೊಯ್ಯುವ ಸ್ಥಿತಿಗೆ ತರುವುದು. ಚೀನಾದ 12 ಆಸ್ಪತ್ರೆಗಳಲ್ಲಿ 338 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ 2022ರಲ್ಲಿ ಹೊರಬಂತು. ಲೆನ್ವಾಟಿನಿಬ್ ಗುಳಿಗೆ ಮಾತ್ರ ತೆಗೆದುಕೊಂಡವರ ಸರಾಸರಿ ಬದುಕು 11.5 ತಿಂಗಳು. ಗುಳಿಗೆಯ ಜೊತೆ ಟೇಸ್ ಮಾಡಿಸಿಕೊಂಡವರದು 17.8 ತಿಂಗಳು. ಕೂಡು ಚಿಕಿತ್ಸೆ ಪಡೆದ 170 ಜನರಲ್ಲಿ 26 ಜನರಿಗೆ ಗಡ್ಡೆ ಕುಗ್ಗಿ, ಪೂರ್ತಿ ತೆಗೆಯುವ ಆಪರೇಷನ್ ಸಾಧ್ಯವಾಯಿತು. ನೂರಕ್ಕೆ 15. ಈ ಅಂಕಿಯನ್ನು ಎರಡೂ ಕಡೆಯಿಂದ ಓದಬೇಕು. ಮುಂಚೆ ಬಾಗಿಲೇ ಇರದಿದ್ದಲ್ಲಿ ಏಳು ಜನರಲ್ಲಿ ಒಬ್ಬರಿಗೆ ಬಾಗಿಲು ತೆರೆಯಿತು. ಉಳಿದ ಆರು ಜನರಿಗೆ ತೆರೆಯಲಿಲ್ಲ.

ಎರಡು, ಮೊದಲು ಆಪರೇಷನ್, ಆಮೇಲೆ ಔಷಧಿ. ಕೊಯ್ದು ತೆಗೆದ ಮೇಲೂ ಐದು ವರ್ಷದೊಳಗೆ ನೂರಕ್ಕೆ 70ರಷ್ಟು ಜನರಲ್ಲಿ ಈ ರೋಗ ಮರಳಿ ಬರಬಹುದು. ತೆಗೆದ ತುಂಡನ್ನು ಪರೀಕ್ಷಿಸಿದಾಗ ಸಣ್ಣ ರಕ್ತನಾಳಗಳಲ್ಲಿ ಕ್ಯಾನ್ಸರ್ ಕಣಗಳು ಕಂಡರೆ ಅಪಾಯ ಹೆಚ್ಚು. ಅಂಥವರಿಗೆ ಆಪರೇಷನ್ ನಂತರ ಒಂದು ಟೇಸ್ ಮಾಡಿದರೆ ಅನುಕೂಲವಾದೀತೆಂದು ಚೀನಾದ ಕೆಲವು ಪರೀಕ್ಷೆಗಳು ಹೇಳುತ್ತವೆ. ಆದರೆ ಸೊರಾಫೆನಿಬ್ ಗುಳಿಗೆಯನ್ನು ಆಪರೇಷನ್ ನಂತರ ಕೊಟ್ಟ ದೊಡ್ಡ ಪರೀಕ್ಷೆಯಲ್ಲಿ ರೋಗ ಮರಳುವುದು ತಪ್ಪಲಿಲ್ಲ ಎಂದು 2015ರಲ್ಲಿ ತಿಳಿಯಿತು.

ಮೂರು, ಉಳಿಯುವ ಭಾಗವನ್ನು ಮೊದಲೇ ಬೆಳೆಸುವುದು. ಗಡ್ಡೆ ಲಿವರಿನ ಬಲಭಾಗದಲ್ಲಿದ್ದು ಎಡಭಾಗ ಸಣ್ಣದಿದ್ದರೆ, ಬಲಕ್ಕೆ ಹೋಗುವ ದೊಡ್ಡ ಕಾಲುವೆಯನ್ನು ಮುಚ್ಚುತ್ತಾರೆ. ರಕ್ತವೆಲ್ಲ ಎಡಕ್ಕೆ ತಿರುಗಿ ನಾಲ್ಕಾರು ವಾರಗಳಲ್ಲಿ ಆ ಭಾಗ ಬೆಳೆಯುತ್ತದೆ. ಈ ನಡುವೆ ಗಡ್ಡೆ ಬೆಳೆಯದಂತೆ ಟೇಸ್ ಮಾಡಿರುತ್ತಾರೆ. ಆಮೇಲೆ ಆಪರೇಷನ್.

ಹಾಗಾದರೆ ಎಲ್ಲರಿಗೂ ಎರಡನ್ನೂ ಮಾಡಿಬಿಡಬಾರದೇ ಎಂದು ಕೇಳಬಹುದು. ಬಾರದು. ಮೊದಲೇ ಸಲೀಸಾಗಿ ಕೊಯ್ಯಬಹುದಾದ ಗಡ್ಡೆಗೆ ಆಪರೇಷನ್ ಮುಂಚೆ ಟೇಸ್ ಮಾಡಿ ನೋಡಿದ ತೈವಾನ್ ಮತ್ತು ಶಾಂಘೈ ಪರೀಕ್ಷೆಗಳಲ್ಲಿ ಬದುಕು ಹೆಚ್ಚಲಿಲ್ಲ. ದಿನ ಕಳೆಯಿತು, ಲಿವರ್ ದಣಿಯಿತು. ಎರಡು ಒಳ್ಳೆಯ ಮದ್ದು ಕೂಡಿದರೆ ಯಾವಾಗಲೂ ಇಮ್ಮಡಿ ಒಳ್ಳೆಯದಾಗುತ್ತದೆ ಎಂಬ ಲೆಕ್ಕ ವೈದ್ಯಕೀಯದಲ್ಲಿ ನಡೆಯುವುದಿಲ್ಲ. ಯಾರಿಗೆ, ಯಾವಾಗ, ಯಾವುದು ಮೊದಲು ಎಂಬುದನ್ನು ಸರ್ಜನ್, ಲಿವರ್ ವೈದ್ಯರು, ಕ್ಯಾನ್ಸರ್ ವೈದ್ಯರು, ಸ್ಕ್ಯಾನ್ ನೋಡುವ ವೈದ್ಯರು ಕೂಡಿ ಕುಳಿತು ನಿರ್ಧರಿಸಬೇಕು. ಒಬ್ಬರ ಒಂದೇ ಮಾತಿಗೆ ಹೊಲ ಮಾರುವ ಮೊದಲು ಇಂಥ ತಂಡದ ಅಭಿಪ್ರಾಯ ಪಡೆಯಿರಿ.

ವೈರಸ್ ಇದ್ದವರು ಇನ್ನೊಂದು ಮಾತು ನೆನಪಿಡಬೇಕು. ಚಿಕಿತ್ಸೆಯ ವೇಳೆ ಬಿ ವೈರಸ್ ಒಮ್ಮೆಲೇ ಕೆರಳಿ ಲಿವರನ್ನು ಕೆಡಿಸಬಹುದು. ಟೆನೊಫೊವಿರ್ ಅಥವಾ ಎಂಟೆಕಾವಿರ್ ಗುಳಿಗೆ ಅದನ್ನು ಹಿಡಿತದಲ್ಲಿಡುತ್ತದೆ, ಆಪರೇಷನ್ ನಂತರ ಕ್ಯಾನ್ಸರ್ ಮರಳುವುದನ್ನೂ ಕಡಿಮೆ ಮಾಡುತ್ತದೆ. ಆರಾಮಾಯಿತು ಎಂದು ಅದನ್ನು ತಾವೇ ನಿಲ್ಲಿಸಬಾರದು.

ಮನೆಯಲ್ಲಿ ನೋಡಿಕೊಳ್ಳುವ ಬಗೆ

ಸಿರೋಸಿಸ್ ಇದ್ದವರು ಬಹಳ ಹೊತ್ತು ಖಾಲಿ ಹೊಟ್ಟೆಯಲ್ಲಿರಬಾರದು, ಮಲಗುವ ಮುನ್ನ ಏನಾದರೂ ತಿನ್ನಬೇಕು. ರಂಜಾನ್ ತಿಂಗಳಲ್ಲಿ ಉಪವಾಸ ಹಿಡಿಯುವ ಹಟ ಬೇಡ. ರೋಗಿಗೆ ಷರಿಯತ್ತಿನಲ್ಲೇ ರಿಯಾಯಿತಿ ಇದೆ. ನಮ್ಮ ಊರಿನ ಇಮಾಮ್ ಸಾಹೇಬರನ್ನು ಕೇಳಿದರೆ ಫಿದ್ಯಾದ ವಿಚಾರ ಹೇಳುತ್ತಾರೆ. ಹೊಟ್ಟೆಯಲ್ಲಿ ನೀರು ತುಂಬಿದವರು ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಬೇಕು. ಮೈಕೈ ನೋವಿಗೆಂದು ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಬಾರದು. ಅದರಿಂದ ಕಿಡ್ನಿ ಕೆಡಬಹುದು, ಹೊಟ್ಟೆಯಲ್ಲಿ ರಕ್ತ ಒಸರಬಹುದು. ಕಾಮಾಲೆಗೆ ನಾಟಿ ಮದ್ದು ಕುಡಿಸುವ ರೂಢಿ ನಮ್ಮಲ್ಲಿ ಹಳೆಯದು. ಕೆಲವು ಬಗೆಯ ಕಾಮಾಲೆ ತಾನಾಗಿಯೇ ಇಳಿಯುತ್ತದೆ, ಅದಕ್ಕೇ ಆ ಮದ್ದಿಗೆ ಹೆಸರು ಬಂದಿದೆ. ಆದರೆ ಸಿರೋಸಿಸ್, ಕ್ಯಾನ್ಸರಿನ ಕಾಮಾಲೆ ಇಳಿಯುವುದಿಲ್ಲ, ಆ ಕೆಲವು ವಾರಗಳಲ್ಲಿ ಆಪರೇಷನ್ನಿನ ಅವಕಾಶವೂ ತಪ್ಪಿಹೋಗುತ್ತದೆ. ಕಣ್ಣು ಹಳದಿಯಾದರೆ ಮೊದಲು ರಕ್ತಪರೀಕ್ಷೆ ಮಾಡಿಸಿ.

ಗುಣವಾಗದ ಹಂತ ಬಂದರೆ ನೋವು ಇಳಿಸುವ, ಉಸಿರು ಸಲೀಸು ಮಾಡುವ ಆರೈಕೆಯೂ ಚಿಕಿತ್ಸೆಯೇ. ಇನ್ನು ಏನೂ ಮಾಡಲಾಗದು ಎಂದು ವೈದ್ಯರು ಹೇಳಿದಾಗ ಅದರ ಅರ್ಥ ಕ್ಯಾನ್ಸರಿಗೆ ಏನೂ ಮಾಡಲಾಗದು ಎಂದಷ್ಟೇ. ರೋಗಿಗೆ ಮಾಡಬೇಕಾದದ್ದು ಬಹಳ ಇರುತ್ತದೆ. ಆ ಹೊತ್ತಿನಲ್ಲಿ ಸಾಲ ಮಾಡಿ ಊರೂರು ಅಲೆಸುವುದಕ್ಕಿಂತ, ಮನೆಯಲ್ಲಿ ನೋವಿಲ್ಲದೆ ಮಕ್ಕಳ ನಡುವೆ ಇರಿಸುವುದು ದೊಡ್ಡ ಸೇವೆ. ಹಾಗೆ ನಿರ್ಧರಿಸಿದ ಮನೆಯವರನ್ನು ಯಾರೂ ದೂರಬಾರದು.

ಎಲ್ಲಿಗೆ ಹೋಗಬೇಕು

ನಮ್ಮ ಜಿಲ್ಲೆಯವರಿಗೆ ಹತ್ತಿರದ ದೊಡ್ಡ ಸರಕಾರಿ ದವಾಖಾನೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್). ಹುಬ್ಬಳ್ಳಿ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ ಇದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ ಇದೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ರೆಫರಲ್ ಪತ್ರ ತೆಗೆದುಕೊಂಡು ಹೋಗುವುದು ಲೇಸು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಅದಕ್ಕೆ ರೆಫರಲ್ ಪತ್ರ, ರೇಷನ್ ಕಾರ್ಡ್, ಆಧಾರ್ ಬೇಕಾಗುತ್ತವೆ. ಚಿಕಿತ್ಸೆ ಶುರುವಾಗುವ ಮುನ್ನವೇ ಮಂಜೂರಾತಿ ಆಗಬೇಕು, ಬಿಲ್ಲು ಕಟ್ಟಿದ ಮೇಲೆ ಓಡಾಡಿದರೆ ಕಷ್ಟ. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವವರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಅದರ ಫಾರ್ಮಿಗೆ ಆಸ್ಪತ್ರೆಯವರ ಸಹಿ ಬೇಕು.

ವೈದ್ಯರನ್ನು ಕೇಳಬೇಕಾದ ಐದು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

1. ಇದು ಲಿವರಿನಲ್ಲೇ ಹುಟ್ಟಿದ್ದೋ, ಬೇರೆ ಕಡೆಯಿಂದ ಬಂದದ್ದೋ?
2. ಲಿವರಿನ ಶಕ್ತಿ ಎ, ಬಿ, ಸಿ ಇವುಗಳಲ್ಲಿ ಯಾವ ದರ್ಜೆ?
3. ಈಗ ಕೊಯ್ಯಬಹುದೇ? ಇಲ್ಲವಾದರೆ ಔಷಧಿಯಿಂದ ಕೊಯ್ಯುವ ಸ್ಥಿತಿಗೆ ಬರುವ ಸಂಭವ ಎಷ್ಟು?
4. ಈ ಚಿಕಿತ್ಸೆ ಗುಣಪಡಿಸಲಿಕ್ಕೋ, ದಿನ ಹೆಚ್ಚಿಸಲಿಕ್ಕೋ, ನೋವು ಇಳಿಸಲಿಕ್ಕೋ?
5. ಒಟ್ಟು ಖರ್ಚೆಷ್ಟು, ಯೋಜನೆಯಲ್ಲಿ ಎಷ್ಟು ಸಿಗುತ್ತದೆ, ಜೆನೆರಿಕ್ ಇದೆಯೇ?

ಬರದಂತೆ ತಡೆಯುವುದು

ಕ್ಯಾನ್ಸರುಗಳಲ್ಲಿ ಲಸಿಕೆಯಿಂದ ತಡೆಯಬಹುದಾದವು ಕೆಲವೇ, ಅವುಗಳಲ್ಲಿ ಇದೊಂದು. ಬಿ ವೈರಸ್ಸನ್ನು ಗುರುತಿಸಿದ ಅಮೆರಿಕದ ಬರೂಖ್ ಬ್ಲೂಮ್‌ಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಪಾರಿತೋಷಕ ಬಂತು. ಅವರ ಹುಟ್ಟಿದ ದಿನವಾದ ಜುಲೈ 28ನ್ನು ವಿಶ್ವ ಹೆಪಟೈಟಿಸ್ ದಿನವೆಂದು ಆಚರಿಸುತ್ತಾರೆ. ತೈವಾನ್ ದೇಶ 1984ರಲ್ಲಿ ಹಸುಗೂಸುಗಳಿಗೆ ಈ ಲಸಿಕೆ ಶುರುಮಾಡಿತು. ಹತ್ತು ವರ್ಷದಲ್ಲಿ ಅಲ್ಲಿಯ ಮಕ್ಕಳ ಲಿವರ್ ಕ್ಯಾನ್ಸರ್ ಲಕ್ಷಕ್ಕೆ 0.70ರಿಂದ 0.36ಕ್ಕೆ, ಅಂದರೆ ಅರ್ಧಕ್ಕೆ ಇಳಿಯಿತು. ನಮ್ಮ ಸರಕಾರಿ ದವಾಖಾನೆಗಳಲ್ಲಿಯೂ ಈ ಲಸಿಕೆ ಉಚಿತ. ಹುಟ್ಟಿದ 24 ಗಂಟೆಯೊಳಗೆ ಒಂದು, ಆಮೇಲೆ 6, 10, 14ನೇ ವಾರಕ್ಕೆ ಪೆಂಟಾವೇಲೆಂಟ್ ಲಸಿಕೆಯ ಜೊತೆ. ಮೊದಲ ದಿನದ ಚುಚ್ಚುಮದ್ದನ್ನು ತಪ್ಪಿಸಬೇಡಿ, ತಾಯಿಯಿಂದ ಮಗುವಿಗೆ ದಾಟುವುದನ್ನು ತಡೆಯುವುದು ಅದೇ.

ದೊಡ್ಡವರು ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಸಿ ವೈರಸ್ ಹೆಚ್ಚಿನವರಲ್ಲಿ 12 ವಾರದ ಗುಳಿಗೆಯಿಂದ ಪೂರ್ತಿ ಹೋಗುತ್ತದೆ. ಬಿ ವೈರಸ್ ಪೂರ್ತಿ ಹೋಗದಿದ್ದರೂ ಹಿಡಿತಕ್ಕೆ ಬರುತ್ತದೆ. ಸಿರೋಸಿಸ್ ಇದ್ದವರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಸೋನೋಗ್ರಫಿ ಮಾಡಿಸಲೇಬೇಕು. ಗಡ್ಡೆ ಸಣ್ಣದಿದ್ದಾಗ ಸಿಕ್ಕರೆ ಈ ಲೇಖನದ ಅರ್ಧ ಭಾಗ ನಿಮಗೆ ಬೇಕಾಗುವುದೇ ಇಲ್ಲ.

ದಾನಿಗಳಿಗೂ ಪಾಲಕರಿಗೂ ವಿನಂತಿ

ಜಕಾತ್ ಯಾರಿಗೆ ಸಲ್ಲಬೇಕೆಂದು ಹೇಳಿರುವ ಎಂಟು ವರ್ಗಗಳಲ್ಲಿ ಬಡವರೂ ನಿರ್ಗತಿಕರೂ ಸಾಲದಲ್ಲಿ ಸಿಕ್ಕವರೂ ಇದ್ದಾರೆ. ಬೇನೆಯಿಂದ ಸಾಲಗಾರರಾದ ಮನೆಗಳು ಇವುಗಳಲ್ಲಿ ಬರಬಹುದು. ಯಾರು ಅರ್ಹರೆಂಬುದನ್ನು ಉಲಮಾಗಳನ್ನು ಕೇಳಿ ನಿಶ್ಚಯಿಸಿಕೊಳ್ಳಿ. ಸದಕಾ ಹಣವನ್ನು ಜಾತಿ ಮತ ನೋಡದೆ ಯಾವ ರೋಗಿಗೂ ಕೊಡಬಹುದು. ಆಸ್ಪತ್ರೆಯ ಬಿಲ್ಲು ದೊಡ್ಡದು, ಅದಕ್ಕೆ ಸರಕಾರದ ಯೋಜನೆ ಇದೆ. ಯೋಜನೆಯಲ್ಲಿ ಬರದ ಸಣ್ಣ ಖರ್ಚುಗಳೇ ಮನೆಯನ್ನು ಮುಳುಗಿಸುತ್ತವೆ: ಬೆಂಗಳೂರಿಗೆ ಹೋಗಿಬರುವ ಖರ್ಚು, ಜೊತೆಗಿರುವವರ ಊಟ, ಆ ದಿನಗಳ ತಪ್ಪಿದ ಕೂಲಿ, ಮಕ್ಕಳ ಫೀ. ನಿಮ್ಮ ದಾನ ಅಲ್ಲಿಗೆ ತಲುಪಿದರೆ ಹೆಚ್ಚು ಫಲ ಕೊಡುತ್ತದೆ.

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಪಾಲಕರಲ್ಲಿ ಒಂದು ಮಾತು. ಮನೆಯಲ್ಲಿ ದುಡಿಯುವವರಿಗೆ ಕ್ಯಾನ್ಸರ್ ಅಥವಾ ಬೇರೆ ದೊಡ್ಡ ಬೇನೆ ಇದ್ದರೆ ಅದನ್ನು ಮುಚ್ಚಿಡದೆ ಅರ್ಜಿಯಲ್ಲಿ ಬರೆಯಿರಿ, ಆಸ್ಪತ್ರೆಯ ಚೀಟಿಯ ಜೆರಾಕ್ಸ್ ಹಚ್ಚಿರಿ. ಅದನ್ನು ನಾವು ಯಾರ ಮುಂದೆಯೂ ಆಡುವುದಿಲ್ಲ. ಇದು ಲಜ್ಜೆಯ ವಿಷಯವಲ್ಲ. ಶಾಲೆ ಕಾಲೇಜು ಬಿಡಿಸುವ ನಿರ್ಧಾರ ಮಾಡುವ ಮೊದಲು ಒಮ್ಮೆ ನಮ್ಮ ಹತ್ತಿರ ಬನ್ನಿ. ಸರಕಾರದ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಲು, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲಕ್ಕೆ ಕಾಗದಪತ್ರ ಹೊಂದಿಸಲು ನಾವು ನೆರವಾಗುತ್ತೇವೆ. ಈ ವರ್ಷದ ಅರ್ಜಿಯ ನಮೂನೆಯೂ ಬೇಕಾದ ದಾಖಲೆಗಳ ಪಟ್ಟಿಯೂ ಮುಂದಿನ ಪುಟದಲ್ಲಿವೆ.